ಪ್ಯಾಡ್ ಬಂತು, ನೀರು ಬರಲಿಲ್ಲ: ಪುಣೆಯ ಲೇಬರ್ ಕ್ಯಾಂಪುಗಳಲ್ಲಿ ಮುಟ್ಟಿನ ದಿನಗಳು

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತು ನಡೆದದ್ದು 2019-21ರಲ್ಲಿ. ದೇಶದ 15ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ ಶೇ 78ರಷ್ಟು ಮಂದಿ ಮುಟ್ಟಿನ ದಿನಗಳಲ್ಲಿ ಆರೋಗ್ಯಕರ ವಿಧಾನ ಬಳಸುತ್ತಾರೆ ಎಂದು ಅದು ಹೇಳುತ್ತದೆ. ಹಿಂದಿನ ಸುತ್ತಿನಲ್ಲಿ, ಅಂದರೆ 2015-16ರಲ್ಲಿ, ಇದೇ ಪ್ರಮಾಣ ಶೇ 58 ಇತ್ತು. ಇಷ್ಟು ಕಡಿಮೆ ಅವಧಿಯಲ್ಲಿ ಇಪ್ಪತ್ತು ಅಂಶದ ಏರಿಕೆ ಸಣ್ಣ ಮಾತಲ್ಲ. ಒಂದು ಕಾಲಕ್ಕೆ ಔಷಧಿ ಅಂಗಡಿಯವನು ಹಳೆ ಪೇಪರಿನಲ್ಲಿ ಸುತ್ತಿ, ಕಪ್ಪು ಚೀಲಕ್ಕೆ ಹಾಕಿ, ಯಾರಿಗೂ ಕಾಣದಂತೆ ಕೊಡುತ್ತಿದ್ದ ಪ್ಯಾಡ್ ಇವತ್ತು ಹಳ್ಳಿಯ ಕಿರಾಣಿ ಅಂಗಡಿಯಲ್ಲೂ ಶಾಂಪೂ ಸ್ಯಾಶೆಯ ಪಕ್ಕದಲ್ಲೇ ನೇತಾಡುತ್ತದೆ.

ಆ ಶೇ 78ರ ಒಳಗೆ ಯಾರಿದ್ದಾರೆ, ಹೊರಗೆ ಯಾರಿದ್ದಾರೆ ಎಂದು ನೋಡಿದರೆ ಮಾತ್ರ ಕಸಿವಿಸಿಯಾಗುತ್ತದೆ. ಅಂಗಡಿಯ ಪ್ಯಾಡ್, ಊರಲ್ಲೇ ತಯಾರಿಸಿದ ಪ್ಯಾಡ್, ಟ್ಯಾಂಪನ್, ಮುಟ್ಟಿನ ಕಪ್, ಇವುಗಳಲ್ಲಿ ಒಂದನ್ನು ಬಳಸಿದರೆ ಸಮೀಕ್ಷೆಯ ಪ್ರಕಾರ ಅದು ಆರೋಗ್ಯಕರ. ಬರೀ ಬಟ್ಟೆ ಬಳಸಿದರೆ ಅಲ್ಲ. ಬೆಳಿಗ್ಗೆ ಏಳಕ್ಕೆ ಹಾಕಿಕೊಂಡ ಪ್ಯಾಡನ್ನು ಬದಲಿಸಲು ಜಾಗ ಸಿಗದೆ ಸಂಜೆ ಏಳರವರೆಗೆ ಹಾಗೇ ಇಟ್ಟುಕೊಂಡವಳು ಈ ಲೆಕ್ಕದಲ್ಲಿ ಆರೋಗ್ಯಕರ ವಿಧಾನದವಳು. ಹತ್ತಿ ಬಟ್ಟೆಯನ್ನು ಸೋಪು ಹಾಕಿ ತೊಳೆದು, ಉರಿ ಬಿಸಿಲಿಗೆ ಒಣಗಿಸಿ, ದಿನಕ್ಕೆ ಮೂರು ಸಲ ಬದಲಿಸುವವಳು ಅಲ್ಲ. ಇನ್ನು 24 ದಾಟಿದವರನ್ನು ಈ ಅಂಕಿ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಎರಡು ಮಕ್ಕಳ ತಾಯಿಗೆ, ನಲವತ್ತು ದಾಟಿ ಸ್ರಾವ ಹೆಚ್ಚಾದವಳಿಗೆ ಮುಟ್ಟು ನಿಂತಿರುವುದಿಲ್ಲವಲ್ಲ.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್‌ನ ಜಂಟಿ ನಿಗಾ ಕಾರ್ಯಕ್ರಮ 2012ರಲ್ಲಿ ಒಪ್ಪಿಕೊಂಡ ವಿವರಣೆ ಇದಕ್ಕಿಂತ ವಿಶಾಲವಾಗಿದೆ. ಸ್ವಚ್ಛವಾದ ಹೀರುವ ವಸ್ತು ಬೇಕು. ಅದನ್ನು ಅಗತ್ಯ ಬಿದ್ದಷ್ಟು ಸಲ ಮರೆಯಲ್ಲಿ ಬದಲಿಸಿಕೊಳ್ಳುವ ಜಾಗ ಬೇಕು. ಮೈ ತೊಳೆಯಲು ನೀರು, ಸೋಪು ಬೇಕು. ಬಳಸಿದ್ದನ್ನು ಹಾಕಲು ವ್ಯವಸ್ಥೆ ಬೇಕು. ನಾಲ್ಕರಲ್ಲಿ ನಮ್ಮ ಸರ್ಕಾರಗಳು ಮನಸ್ಸಿಟ್ಟು ಎಣಿಸಿದ್ದು ಮೊದಲನೆಯದನ್ನು. ಉಳಿದ ಮೂರರ ಕಥೆ ಏನು ಎಂಬುದು ಪುಣೆಯ ಅಂಚಿನಲ್ಲಿ, ನಮ್ಮದೇ ಭಾಷೆಯಾಡುವ ಜನರ ನಡುವೆ, ಕಣ್ಣಿಗೆ ಹೊಡೆದಂತೆ ಕಾಣುತ್ತದೆ.

ವಾಘೋಲಿ, ಖರಾಡಿ, ಉಂಡ್ರಿ, ಮ್ಹಾಳುಂಗೆ, ಹಿಂಜವಡಿ, ಎಲ್ಲಿ ಇಪ್ಪತ್ತು ಅಂತಸ್ತಿನ ಕಟ್ಟಡ ಏಳುತ್ತಿದೆಯೋ ಅದರ ಹಿಂದೆ ಅಥವಾ ಪಕ್ಕದ ಖಾಲಿ ಜಾಗದಲ್ಲಿ ತಗಡಿನ ಶೆಡ್ಡುಗಳ ಸಾಲು ಇರುತ್ತದೆ. ಬಿಹಾರ, ಛತ್ತೀಸಗಡದವರ ಜೊತೆ ಅಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರದವರೂ ಇರುತ್ತಾರೆ. ತೊಗರಿ ರಾಶಿ ಮುಗಿದ ಮೇಲೆ, ಅಥವಾ ಮಳೆ ಕೈಕೊಟ್ಟ ವರ್ಷ ದೀಪಾವಳಿಗೂ ಕಾಯದೆ, ಗಂಡ-ಹೆಂಡತಿ ಸಣ್ಣ ಮಕ್ಕಳನ್ನು ಕಟ್ಟಿಕೊಂಡು ಉದ್ಯಾನ್ ಎಕ್ಸ್‌ಪ್ರೆಸ್‌ನ ಜನರಲ್ ಬೋಗಿಯಲ್ಲೋ ಮುಕಾದಮ (ಕೂಲಿಯವರನ್ನು ಕರೆತರುವ ಮೇಸ್ತ್ರಿ) ಕಳಿಸಿದ ಟೆಂಪೊದಲ್ಲೋ ಬರುತ್ತಾರೆ. ಬಿಹಾರದ ಕಡೆಯಿಂದ ಹೆಚ್ಚಾಗಿ ಗಂಡಸರು ಒಬ್ಬರೇ ಬಂದರೆ ನಮ್ಮ ಕಡೆಯವರು ಜೋಡಿಯಾಗಿ ಬರುತ್ತಾರೆ. ಕೂಲಿ ಲೆಕ್ಕವೂ ಎಷ್ಟೋ ಕಡೆ ಜೋಡಿಯದೇ. ಹೀಗಾಗಿ ಲೇಬರ್ ಕ್ಯಾಂಪಿನಲ್ಲಿ ಹೆಂಗಸರ ಪ್ರಶ್ನೆ ಅಂದರೆ ಬಹಳ ಮಟ್ಟಿಗೆ ಕನ್ನಡ, ಲಂಬಾಣಿ, ಮರಾಠಿ ಮಾತಾಡುವ ಹೆಂಗಸರ ಪ್ರಶ್ನೆ.

ನಾನು ನೋಡಿದ ಒಂದು ಕ್ಯಾಂಪಿನ ಶೌಚಾಲಯ ಹೀಗಿತ್ತು. ತಗಡಿನ ಎಂಟು ಖೋಲಿಗಳು, ಬೆನ್ನಿಗೆ ಬೆನ್ನು ಹಚ್ಚಿ ನಾಲ್ಕು ನಾಲ್ಕು. ಒಂದು ಬದಿಗೆ ‘ಮಹಿಲಾ’ ಎಂದು ಬಣ್ಣದಲ್ಲಿ ಬರೆದಿದ್ದರು. ಆದರೆ ಆ ಬದಿಯ ಎರಡು ಖೋಲಿಗಳಿಗೆ ಸಿಮೆಂಟಿನ ಖಾಲಿ ಚೀಲ, ಸೆಂಟ್ರಿಂಗ್ ಹಲಗೆ ತುಂಬಿ ಬೀಗ ಜಡಿದಿತ್ತು. ಉಳಿದ ಎರಡರಲ್ಲಿ ಒಂದಕ್ಕೆ ಚಿಲಕ ಇರಲಿಲ್ಲ. ಚಿಲಕದ ತೂತಿಗೆ ಪ್ಲಾಸ್ಟಿಕ್ ಹಗ್ಗ ಪೋಣಿಸಿದ್ದರು, ಒಳಗೆ ಕೂತವಳು ಅದನ್ನು ಒಂದು ಕೈಯಲ್ಲಿ ಎಳೆದು ಹಿಡಿಯಬೇಕು. ಒಂದೇ ಕೈಯಲ್ಲಿ ಸೀರೆ ಎತ್ತಿ ಹಿಡಿದು, ಅದೇ ಕೈಯಲ್ಲಿ ಪ್ಯಾಡ್ ಬದಲಿಸುವುದು ಹೇಗೆ? ನೀರಿನ ಡ್ರಮ್ಮು ಹೊರಗೆ, ಗಂಡಸರ ಸಾಲಿನ ಮೂಲೆಯಲ್ಲಿ. ಚೊಂಬು ತುಂಬಿಕೊಳ್ಳಲು ಅವರ ನಡುವೆಯೇ ಹೋಗಬೇಕು. ಬಲ್ಬು ಇತ್ತು, ಹತ್ತುತ್ತಿರಲಿಲ್ಲ. ಒಳಗೆ ಕಸದ ಡಬ್ಬಿ ಇರಲಿಲ್ಲ, ತಗಡಿನ ಸಂದಿಯಲ್ಲಿ ಮಡಚಿ ತುರುಕಿದ ಪ್ಯಾಡುಗಳಿದ್ದವು.

ಸುರಪುರದ ಕಡೆಯ ಹೆಣ್ಣುಮಗಳೊಬ್ಬಳು ಹೇಳಿದ್ದು: “ಪ್ಯಾಡ್ ಏನೋ ತಂದೀನ್ರಿ ಅಕ್ಕಾರ, ಊರಾಗ ಆಶಾ ಬಾಯಿ ಕೊಟ್ಟಿದ್ಳು. ಆದ್ರ ಬಿಚ್ಚಿ ಎಲ್ಲಿ ಒಗಿಬೇಕ್ರಿ? ಅದಕ್ಕ ಮತ್ತ ಅರಬೀನೇ ಹಿಡದೀನಿ.” ಅರಬಿ, ಅಂದರೆ ಬಟ್ಟೆ, ತೊಳೆಯಲು ನೀರು? “ಟ್ಯಾಂಕರ್ ಬಂದ್ರ ಮೊದಲ ಅಡಗಿಗಿ ತುಂಬಬೇಕ್ರಿ, ಆಮ್ಯಾಲ ಜಳಕಕ್ಕ. ನಂದು ಉಳದ್ರ ಉಳೀತು.” ಒಣಗಿಸುವುದು ಶೆಡ್ಡಿನೊಳಗೆ ಕಟ್ಟಿದ ದಾರದ ಮೇಲೆ, ಅದರ ಮೇಲೊಂದು ಸೀರೆ ಹೊದಿಸಿ. ಹೊರಗೆ ಹಾಕಿದರೆ ಮುಕಾದಮ, ಮೈದುನ, ಪಕ್ಕದ ಶೆಡ್ಡಿನ ಹುಡುಗರು ಎಲ್ಲರ ಕಣ್ಣಿಗೂ ಬೀಳುತ್ತದೆ.

ಈ ಸೀರೆ ಹೊದಿಸುವ ವಿಷಯ ನಾಚಿಕೆಯ ಮಟ್ಟದಲ್ಲಿ ನಿಲ್ಲುವುದಿಲ್ಲ, ರೋಗದ ಮಟ್ಟಕ್ಕೆ ಹೋಗುತ್ತದೆ. ಒಡಿಶಾದಲ್ಲಿ ಆಸ್ಪತ್ರೆಗೆ ಬಂದ ಮಹಿಳೆಯರ ಮೇಲೆ ನಡೆದ ಎರಡು ಅಧ್ಯಯನಗಳು 2015 ಮತ್ತು 2018ರಲ್ಲಿ ಪ್ರಕಟವಾದವು. ಮತ್ತೆ ಮತ್ತೆ ಬಟ್ಟೆ ಬಳಸುವವರಲ್ಲಿ ಯೋನಿಯ ಸೋಂಕು, ಮೂತ್ರನಾಳದ ಸೋಂಕು ಬಿಸಾಡುವ ಪ್ಯಾಡ್ ಬಳಸುವವರಿಗಿಂತ ಹೆಚ್ಚು ಕಂಡುಬಂತು. ಇಷ್ಟೇ ಓದಿದರೆ ಬಟ್ಟೆ ಕೆಟ್ಟದ್ದು ಎಂದು ತೀರ್ಮಾನಿಸಿ ಮುಗಿಸಬಹುದು. ಆದರೆ ಎರಡನೇ ಅಧ್ಯಯನ ಬಟ್ಟೆ ಬಳಸುವವರೊಳಗೇ ಇನ್ನಷ್ಟು ಹೊಕ್ಕು ನೋಡಿತು. ಬಟ್ಟೆಯನ್ನು ಮನೆಯೊಳಗೆ ಒಣಗಿಸುವವರಲ್ಲಿ, ಶೌಚಾಲಯದ ಮೂಲೆಯಲ್ಲಿ ಬಚ್ಚಿಡುವವರಲ್ಲಿ ಕ್ಯಾಂಡಿಡಾ ಎಂಬ ಶಿಲೀಂಧ್ರದ ಸೋಂಕು ಹೆಚ್ಚಿತ್ತು. ತೇವ ಆರದ ಬಟ್ಟೆಯಲ್ಲಿ ಶಿಲೀಂಧ್ರ ಬೆಳೆಯುತ್ತದೆ, ಬಿಸಿಲು ಬಿದ್ದರೆ ಸಾಯುತ್ತದೆ. ರಕ್ತವಾದ ಬಟ್ಟೆಯನ್ನು ಮೊದಲು ತಣ್ಣೀರಿನಲ್ಲಿ ನೆನೆಸಿ, ಕೆಂಪು ಬಿಡುವವರೆಗೆ ಹಿಂಡಿ, ಆಮೇಲೆ ಸೋಪು ಹಾಕಿ ತೊಳೆದು, ಮತ್ತೆ ಸೋಪು ಹೋಗುವವರೆಗೆ ಅಲುಬಬೇಕು. ಇದಕ್ಕೆ ಚೊಂಬು ನೀರು ಸಾಲದು, ಬಕೆಟ್ಟುಗಟ್ಟಲೆ ಬೇಕು. ಅಂದರೆ ಬಟ್ಟೆ ಆರೋಗ್ಯಕರವೋ ಅಲ್ಲವೋ ಎಂಬುದು ನೀರಿನ ಮೇಲೆ, ಬಿಸಿಲಿನ ಮೇಲೆ, ಒಣಗಿಸಲು ಸಿಗುವ ಮರೆಯ ಮೇಲೆ ನಿಂತಿದೆ. ನಮ್ಮ ಅಜ್ಜಿಯರಿಗೆ ಹಿತ್ತಿಲಾದರೂ ಇತ್ತು. ತಗಡಿನ ಶೆಡ್ಡಿಗೆ ಹಿತ್ತಿಲಿಲ್ಲ.

ಪ್ಯಾಡ್ ಹಾಕಿಕೊಂಡವಳಿಗೂ ನೀರು ಬೇಕು. ಬದಲಿಸುವ ಮುಂಚೆ, ಬದಲಿಸಿದ ಮೇಲೆ ಕೈ ತೊಳೆಯಬೇಕು. ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಿಸಿ ಎಂದು ವೈದ್ಯರು ಹೇಳುತ್ತಾರೆ. ಹನ್ನೆರಡನೇ ಅಂತಸ್ತಿನಲ್ಲಿ ಇಟ್ಟಿಗೆ ಹೊರುವವಳು ನಾಲ್ಕು ಗಂಟೆಗೊಮ್ಮೆ ಕೆಳಗಿಳಿದು ಕ್ಯಾಂಪಿನವರೆಗೆ ಹೋಗಿ ಬಂದರೆ ಮುಕಾದಮನ ಬಾಯಿಗೆ ಬೀಳಬೇಕು. ಅದಕ್ಕೇ ಅವರು ಮಾಡುವ ಉಪಾಯ, ನೀರು ಕುಡಿಯದೇ ಇರುವುದು. ಮೇ ತಿಂಗಳ ಬಿಸಿಲಲ್ಲಿ ಗಾರೆ ಹೊರುವ ಹೆಂಗಸು ಶೌಚಾಲಯಕ್ಕೆ ಹೋಗುವುದನ್ನು ತಪ್ಪಿಸಲು ಬಾಯಾರಿಕೆ ತಡೆದುಕೊಳ್ಳುತ್ತಾಳೆ. ಉರಿಮೂತ್ರಕ್ಕೆ ಮಾತ್ರೆ ಬರೆಸಿಕೊಳ್ಳುತ್ತಾಳೆ. ಮಾತ್ರೆ ಮುಗಿದ ಮೇಲೆ ಮತ್ತೆ ಅದೇ.

ನೀರೇ ಇಲ್ಲದ ಊರೇನೂ ಅಲ್ಲ ಪುಣೆ. ಖಡಕ್‌ವಾಸ್ಲಾ, ಪಾನಶೇತ್, ವರಸಗಾಂವ್, ಟೆಮಘರ್ ಎಂಬ ನಾಲ್ಕು ಅಣೆಕಟ್ಟುಗಳ ನೀರು ಈ ನಗರಕ್ಕಿದೆ. ಕೊಳವೆ ಜಾಲವಿರುವ ನಗರಗಳಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬುದು ದೇಶ ಒಪ್ಪಿಕೊಂಡ ಮಾನದಂಡ. ತೊಂದರೆ ಇರುವುದು ಅಂಚಿನಲ್ಲಿ. 2017ರಲ್ಲಿ 11 ಹಳ್ಳಿ, 2021ರಲ್ಲಿ 23 ಹಳ್ಳಿ ಪುಣೆ ಮಹಾನಗರಪಾಲಿಕೆಗೆ ಸೇರಿದವು. ವಿಸ್ತೀರ್ಣದಲ್ಲಿ ಪಾಲಿಕೆ ಮುಂಬೈಯನ್ನೂ ಮೀರಿಸಿತು. ಕಟ್ಟಡಗಳಿಗೆ ಅನುಮತಿ ಬೇಗ ಬೇಗ ಸಿಕ್ಕಿತು, ಪೈಪು ಆ ವೇಗದಲ್ಲಿ ಹೋಗಲಿಲ್ಲ. ದುಡ್ಡು ಕೊಟ್ಟು ಫ್ಲ್ಯಾಟ್ ಕೊಂಡವರೇ ಟ್ಯಾಂಕರ್‌ಗೆ ಕಾಯುತ್ತಾರೆ. ಅವರ ಫ್ಲ್ಯಾಟ್ ಕಟ್ಟಿದವರು ಆ ಸಾಲಿನ ಕೊನೆಯಲ್ಲಿದ್ದಾರೆ. ಕ್ಯಾಂಪಿಗೆ ಬರುವುದು ಹೆಚ್ಚಾಗಿ ಬೋರ್‌ವೆಲ್ ನೀರು. ಎಷ್ಟೋ ಕಡೆ ಕಾಂಕ್ರೀಟಿಗೆ ಬಿಟ್ಟ ನೀರೇ ಮೈಗೂ.

2025ರ ಜನವರಿಯಲ್ಲಿ ಸಿಂಹಗಡ ರಸ್ತೆಯ ಕಿರ್ಕಟ್‌ವಾಡಿ, ನಾಂದೇಡ್ ಗಾಂವ್, ಧಾಯರಿ ಭಾಗದಲ್ಲಿ ಗಿಯಾನ್-ಬಾರೇ ಸಿಂಡ್ರೋಮ್ ಎಂಬ ನರರೋಗ ಹಬ್ಬಿದ್ದು ನೆನಪಿರಬಹುದು. 200ಕ್ಕೂ ಹೆಚ್ಚು ಪ್ರಕರಣಗಳು ದಾಖಲಾದವು. ರೋಗಿಗಳ ಮಾದರಿಯಲ್ಲಿ ಕ್ಯಾಂಪಿಲೋಬ್ಯಾಕ್ಟರ್ ಬ್ಯಾಕ್ಟೀರಿಯಾ ಸಿಕ್ಕಿತು, ಅನುಮಾನ ಕುಡಿಯುವ ನೀರಿನ ಮೇಲೆ ಹೋಯಿತು, ನೀರು ಶುದ್ಧೀಕರಿಸುವ ಖಾಸಗಿ ಆರ್‌ಒ ಘಟಕಗಳಿಗೆ ಬೀಗ ಬಿತ್ತು. ಇವೆಲ್ಲ ಪಾಲಿಕೆಗೆ ಹೊಸದಾಗಿ ಸೇರಿದ ಹಳ್ಳಿಗಳೇ. ಆ ಕೆಲವು ವಾರ ಊರೆಲ್ಲ ನೀರಿನ ಬಗ್ಗೆ ಮಾತಾಡಿತು. ಕುಡಿಯುವ ನೀರಿನ ಬಗ್ಗೆ. ತೊಳೆಯುವ ನೀರಿನ ಬಗ್ಗೆ ಯಾರೂ ಕೇಳಲಿಲ್ಲ, ಅದೇ ನೀರಿನಲ್ಲಿ ಮೈ ತೊಳೆದುಕೊಳ್ಳುವ ಮುಟ್ಟಾದ ಹೆಂಗಸಿನ ಬಗ್ಗೆ ಅಂತೂ ಇಲ್ಲವೇ ಇಲ್ಲ.

ಹಾಗಾದರೆ ಹೊಣೆ ಯಾರದು? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ, ಪ್ಯಾಡ್ ಏಕೆ ಬಂತು, ನೀರು ಏಕೆ ಬರಲಿಲ್ಲ ಎಂಬುದು ಅರ್ಥವಾಗುತ್ತದೆ.

ಸೌಲಭ್ಯ ಹೇಗೆ ಕಟ್ಟಬೇಕು ಎಂಬುದು ಪುಣೆಗೆ ಗೊತ್ತಿಲ್ಲ ಎನ್ನುವಂತಿಲ್ಲ. 1999ರಿಂದ 2001ರ ನಡುವೆ, ರತ್ನಾಕರ ಗಾಯಕವಾಡ್ ಪಾಲಿಕೆಯ ಆಯುಕ್ತರಾಗಿದ್ದಾಗ, ಸಂಘ-ಸಂಸ್ಥೆಗಳ ಜೊತೆ ಕೈಜೋಡಿಸಿ ಕೊಳೆಗೇರಿಗಳಲ್ಲಿ 400ಕ್ಕೂ ಹೆಚ್ಚು ಸಾಮುದಾಯಿಕ ಶೌಚಾಲಯ ಕಟ್ಟಲಾಯಿತು. ಸ್ಪಾರ್ಕ್ ಎಂಬ ಸಂಸ್ಥೆ ಮತ್ತು ಬಡ ಹೆಂಗಸರ ಸಂಘಟನೆಯಾದ ಮಹಿಳಾ ಮಿಲನ್ ಕಟ್ಟಿದ ಶೌಚಾಲಯಗಳ ವಿನ್ಯಾಸದಲ್ಲಿ ಬಸ್ತಿಯ ಹೆಂಗಸರ ಮಾತು ನಡೆದಿತ್ತು. ಹೆಂಗಸರಿಗೆ, ಗಂಡಸರಿಗೆ ಬೇರೆ ಬೇರೆ ದಾರಿ, ಮಕ್ಕಳಿಗೆ ಪ್ರತ್ಯೇಕ ಜಾಗ, ನೀರಿಗೆ ದೊಡ್ಡ ಟಾಕಿ, ನೋಡಿಕೊಳ್ಳುವವರಿಗೆ ಅಲ್ಲೇ ಖೋಲಿ. ಶೆಲ್ಟರ್ ಅಸೋಸಿಯೇಟ್ಸ್ ಎಂಬ ಪುಣೆಯ ಸಂಸ್ಥೆ ಒಂದು ಹೆಜ್ಜೆ ಮುಂದೆ ಹೋಗಿ, ಕೊಳೆಗೇರಿಯ ಪ್ರತಿ ಮನೆಗೂ ಒಂದು ಶೌಚಾಲಯ ಎಂಬ ಹಟ ಹಿಡಿದು ಕೆಲಸ ಮಾಡಿದೆ. ಮುಟ್ಟಿನ ದೃಷ್ಟಿಯಿಂದ ನನಗೆ ಇದೇ ಸರಿಯಾದ ದಾರಿ ಅನ್ನಿಸುತ್ತದೆ. ರಾತ್ರಿ ಎರಡು ಗಂಟೆಗೆ ಬಟ್ಟೆ ಬದಲಿಸಬೇಕಾದ ಹುಡುಗಿ ಬೀದಿಯ ತುದಿಯವರೆಗೆ ಹೋಗಬೇಕಾಗಿಲ್ಲ.

ನ್ಯಾಯಾಲಯವೂ ಸುಮ್ಮನಿರಲಿಲ್ಲ. ‘ಮಿಳೂನ್ ಸಾರ್ಯಾಜಣಿ’ ಎಂಬ ಪುಣೆಯ ಮರಾಠಿ ಮಹಿಳಾ ಪತ್ರಿಕೆಯ ಬಳಗ ಪಾಲಿಕೆಯ ವಿರುದ್ಧ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿತ್ತು. 2015ರ ಡಿಸೆಂಬರಿನಲ್ಲಿ ಬಾಂಬೆ ಹೈಕೋರ್ಟ್, ಮಹಿಳೆಯರಿಗೆ ಸ್ವಚ್ಛ ಶೌಚಾಲಯ ಸಿಗುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿಗೆ ಸೇರಿದ್ದು ಎಂದು ಹೇಳಿ ಪಾಲಿಕೆಗಳಿಗೆ ಸೂಚನೆ ಕೊಟ್ಟಿತು. ಅದಕ್ಕೆ ಒಂದು ವರ್ಷ ಮೊದಲು ಮುಂಬೈಯ ಪಾಣಿ ಹಕ್ ಸಮಿತಿಯ ಪ್ರಕರಣದಲ್ಲಿ ಅದೇ ಹೈಕೋರ್ಟ್, ಗುಡಿಸಲು ಅನಧಿಕೃತ ಎಂಬ ಕಾರಣಕ್ಕೆ ನೀರು ಕೊಡದೇ ಇರುವಂತಿಲ್ಲ ಎಂದಿತ್ತು.

ಆದರೆ ಲೇಬರ್ ಕ್ಯಾಂಪು ಕೊಳೆಗೇರಿಯ ಪಟ್ಟಿಯಲ್ಲಿಲ್ಲ. ಅದು ಖಾಸಗಿ ಜಮೀನು, ತಾತ್ಕಾಲಿಕ ವಸತಿ. ಪಾಲಿಕೆಯವರನ್ನು ಕೇಳಿದರೆ ಬಿಲ್ಡರ್ ನೋಡಿಕೊಳ್ಳಬೇಕು ಎನ್ನುತ್ತಾರೆ. ಬಿಲ್ಡರ್ ಕಡೆಯವರು ಕಾಂಟ್ರಾಕ್ಟರ್‌ಗೆ ವಹಿಸಿದ್ದೇವೆ ಎನ್ನುತ್ತಾರೆ. ಕಾಂಟ್ರಾಕ್ಟರ್ ಮುಕಾದಮನ ಕಡೆ ಕೈ ತೋರಿಸುತ್ತಾನೆ. ಮುಕಾದಮನಿಗೆ ತನ್ನ ಕಮಿಷನ್ನಿನ ಲೆಕ್ಕ ಗೊತ್ತು, ಶೌಚಾಲಯದ ಲೆಕ್ಕ ಗೊತ್ತಿಲ್ಲ, ಅವನಿಂದ ಅದನ್ನು ಕೇಳುವುದೂ ನ್ಯಾಯವಲ್ಲ. ಅವನೂ ಅದೇ ಊರಿನ, ಅದೇ ಸಾಲದ ಮನುಷ್ಯ.

ಕಾನೂನಿನಲ್ಲಿ ಇಷ್ಟು ಗೊಂದಲವಿಲ್ಲ. 1996ರ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಾಯ್ದೆ ಕುಡಿಯುವ ನೀರು, ಶೌಚಾಲಯಗಳ ಹೊಣೆಯನ್ನು ನೇರವಾಗಿ ಮಾಲೀಕನ ಮೇಲೆ ಹೊರಿಸಿತ್ತು. ಕೆಲಸ ಮುಗಿಯುವವರೆಗೆ ಉಚಿತ ತಾತ್ಕಾಲಿಕ ವಸತಿ ಕೊಡಬೇಕು, ಅದರಲ್ಲಿ ಅಡುಗೆಗೆ, ಸ್ನಾನಕ್ಕೆ, ಬಟ್ಟೆ ಒಗೆಯಲು, ಶೌಚಕ್ಕೆ ಪ್ರತ್ಯೇಕ ಜಾಗವಿರಬೇಕು ಎಂದು ಬರೆದಿತ್ತು. ಐವತ್ತಕ್ಕಿಂತ ಹೆಚ್ಚು ಹೆಂಗಸರಿದ್ದರೆ ಮಕ್ಕಳಿಗೆ ಶಿಶುವಿಹಾರ ಬೇಕಿತ್ತು. 2025ರ ನವೆಂಬರ್ 21ರಿಂದ ಇದು ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯೊಳಗೆ ಸೇರಿಹೋಗಿದೆ. ಕಟ್ಟಡದ ವೆಚ್ಚದ ಮೇಲೆ ಶೇ 1ರಂತೆ ಸೆಸ್ ವಸೂಲಾಗಿ ರಾಜ್ಯಗಳ ಕಾರ್ಮಿಕ ಕಲ್ಯಾಣ ಮಂಡಳಿಗಳಲ್ಲಿ ಸಾವಿರಾರು ಕೋಟಿ ರೂಪಾಯಿ ಸೇರಿದೆ. ಆ ಹಣ ಖರ್ಚಾಗದೆ ಬಿದ್ದಿರುವುದಕ್ಕೆ 2018ರಲ್ಲಿ ಸುಪ್ರೀಂ ಕೋರ್ಟ್ ಸಿಟ್ಟಾಗಿತ್ತು. ಮಂಡಳಿಯಲ್ಲಿ ನೋಂದಣಿ ಮಾಡಿಸಲು ವರ್ಷದಲ್ಲಿ 90 ದಿನ ಕೆಲಸ ಮಾಡಿದ ಪ್ರಮಾಣಪತ್ರ ಬೇಕು. ಎರಡು ತಿಂಗಳು ಇಲ್ಲಿ, ಒಂದೂವರೆ ತಿಂಗಳು ಅಲ್ಲಿ ದುಡಿಯುವವಳಿಗೆ, ಗಂಡನ ಹೆಸರಲ್ಲಿ ಜೋಡಿ ಕೂಲಿ ಎಣಿಸಿಕೊಳ್ಳುವವಳಿಗೆ, ಆ ಕಾಗದಕ್ಕೆ ಸಹಿ ಹಾಕುವವರು ಯಾರು?

ಈಗ ಪ್ಯಾಡಿನ ಕಡೆ ನೋಡಿ. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದಾಗ ಅದರ ಮೇಲೆ ಶೇ 12ರ ತೆರಿಗೆ ಬಿತ್ತು, ಹೆಣ್ಣುಮಕ್ಕಳು ಬೀದಿಗಿಳಿದರು, ಮರುವರ್ಷದ ಜುಲೈಯಲ್ಲೇ ತೆರಿಗೆ ಹೋಯಿತು. 2018ರ ಮಹಿಳಾ ದಿನದಂದು ಮಹಾರಾಷ್ಟ್ರ ಸರ್ಕಾರ ಅಸ್ಮಿತಾ ಯೋಜನೆ ತಂದಿತು, ಜಿಲ್ಲಾ ಪರಿಷತ್ ಶಾಲೆಯ ಹುಡುಗಿಯರಿಗೆ 5 ರೂಪಾಯಿಗೆ ಎಂಟು ಪ್ಯಾಡ್. 2019ರಿಂದ ಜನೌಷಧಿ ಕೇಂದ್ರದಲ್ಲಿ ಸುವಿಧಾ ಪ್ಯಾಡ್ ಒಂದಕ್ಕೆ 1 ರೂಪಾಯಿ. ನಮ್ಮ ಕರ್ನಾಟಕದ ಶುಚಿ ಯೋಜನೆ ಇವೆಲ್ಲಕ್ಕಿಂತ ಹಳೆಯದು, 2013-14ರದ್ದು. ನಡುವೆ ನಿಂತುಹೋಗಿ 2024ರಲ್ಲಿ ಮತ್ತೆ ಶುರುವಾಯಿತು. ಪ್ರತಿಯೊಂದೂ ಒಳ್ಳೆಯ ಕೆಲಸವೇ, ಒಂದನ್ನೂ ನಾನು ಕಡೆಗಣಿಸುವುದಿಲ್ಲ. ಆದರೆ ಇವೆಲ್ಲ ಕೈಯಿಂದ ಕೈಗೆ ಕೊಟ್ಟು, ಲೆಕ್ಕ ಬರೆದು, ಫೋಟೊ ತೆಗೆದು ಮುಗಿಸಬಹುದಾದ ಕೆಲಸಗಳು. ನೀರಿನ ವಿಷಯಕ್ಕೆ ಬಂದರೆ ಯಾರಾದರೂ ಒಬ್ಬರು ಪ್ರತಿದಿನ ಹೊಣೆ ಹೊರಬೇಕು. ಟಾಕಿ ತುಂಬಿಸಬೇಕು, ಚಿಲಕ ರಿಪೇರಿ ಮಾಡಿಸಬೇಕು, ಬಲ್ಬು ಹಾಕಬೇಕು, ಡಬ್ಬಿ ಖಾಲಿ ಮಾಡಬೇಕು. ಬಿಲ್ಡರ್‌ಗೆ ನೋಟಿಸ್ ಕೊಡಬೇಕು, ಅವನು ಕೇಳದಿದ್ದರೆ ಕೆಲಸ ನಿಲ್ಲಿಸಬೇಕು. ಯಾರ ಹಿತಕ್ಕೂ ಧಕ್ಕೆಯಾಗದಂತೆ ಪ್ಯಾಡ್ ಹಂಚಬಹುದು. ನೀರು ಕೊಡಿಸಬೇಕಾದರೆ ದುಡ್ಡಿರುವವರನ್ನು ಎದುರು ಹಾಕಿಕೊಳ್ಳಬೇಕಾಗುತ್ತದೆ.

ಇನ್ನೊಂದು ತೊಡಕು ಗುಳೆಯದು. ಯಾದಗಿರಿಯ ಸರ್ಕಾರಿ ಶಾಲೆಯಲ್ಲಿ ಶುಚಿ ಪ್ಯಾಡ್ ಪಡೆಯುವ ಹದಿಮೂರರ ಹುಡುಗಿ ಅಪ್ಪ-ಅಮ್ಮನ ಜೊತೆ ಪುಣೆಗೆ ಬಂದ ದಿನವೇ ಆ ಪಟ್ಟಿಯಿಂದ ಉದುರುತ್ತಾಳೆ. ಇಲ್ಲಿನ ಶಾಲೆಗೆ ಅವಳು ಸೇರಿಲ್ಲ, ತಮ್ಮನನ್ನು ನೋಡಿಕೊಂಡು ಶೆಡ್ಡಿನಲ್ಲಿದ್ದಾಳೆ. ಮರಾಠಿ ಬರುವುದಿಲ್ಲ, ಅಂಗನವಾಡಿ ಕಾರ್ಯಕರ್ತೆ ಕ್ಯಾಂಪಿನ ಗೇಟು ದಾಟಿ ಬರುವುದು ಅಪರೂಪ, ಬಂದರೂ ಮಾತು ತಿಳಿಯುವುದಿಲ್ಲ. ಎಷ್ಟೋ ಹುಡುಗಿಯರು ಮೊದಲ ಸಲ ಮುಟ್ಟಾಗುವುದು ಇಂಥ ಶೆಡ್ಡಿನಲ್ಲಿ. ಊರಲ್ಲಿದ್ದರೆ ಅಜ್ಜಿ, ಅತ್ತೆ, ಚಿಗವ್ವ ಯಾರಾದರೂ ಕೂರಿಸಿಕೊಂಡು ಹೇಳುತ್ತಿದ್ದರು. ಇಲ್ಲಿ ತಾಯಿ ಸಂಜೆ ಇಳಿದು ಬರುವವರೆಗೆ ಒಬ್ಬಳೇ ಹೆದರಿ ಕೂತಿರುತ್ತಾಳೆ. ಸುಪ್ರೀಂ ಕೋರ್ಟಿನಲ್ಲಿ ಜಯಾ ಠಾಕೂರ್ ಅವರ ಅರ್ಜಿಯ ಮೇಲೆ 2023ರ ಏಪ್ರಿಲ್‌ನಲ್ಲಿ ಇಡೀ ದೇಶಕ್ಕೆ ಒಂದೇ ನೀತಿ ರೂಪಿಸಿ ಎಂದು ಕೇಂದ್ರಕ್ಕೆ ಆದೇಶವಾಯಿತು. ಅದೂ ಶಾಲೆಗೆ ಹೋಗುವ ಹುಡುಗಿಯರ ನೀತಿ. 2025ರಲ್ಲಿ ಕರ್ನಾಟಕ ತಿಂಗಳಿಗೊಂದು ದಿನದ ಸಂಬಳಸಹಿತ ಮುಟ್ಟಿನ ರಜೆ ತಂದದ್ದು ಹೆಮ್ಮೆಯ ವಿಷಯ. ಸಂಬಳದ ಚೀಟಿಯೇ ಇಲ್ಲದ ಇವಳ ತಾಯಿಗೆ ಆ ರಜೆ ದಕ್ಕುವುದಿಲ್ಲ.

ಹೀಗೆ ಎಲ್ಲ ಪಟ್ಟಿಗಳಿಂದ ಹೊರಗುಳಿದ ಹೆಂಗಸರ ದೇಹ ಕೊನೆಗೆ ಏನು ತೆರಬೇಕಾಗುತ್ತದೆ ಎಂಬುದಕ್ಕೆ ಮಹಾರಾಷ್ಟ್ರದಲ್ಲೇ ಒಂದು ಸಾಕ್ಷಿ ಇದೆ. ಬೀಡ್ ಜಿಲ್ಲೆಯಿಂದ ಪಶ್ಚಿಮ ಮಹಾರಾಷ್ಟ್ರಕ್ಕೂ ನಮ್ಮ ಬೆಳಗಾವಿ ಕಡೆಗೂ ಕಬ್ಬು ಕಡಿಯಲು ಬರುವ ಹೆಂಗಸರಲ್ಲಿ ಗರ್ಭಕೋಶ ತೆಗೆಸಿಕೊಂಡವರ ಸಂಖ್ಯೆ ವಿಪರೀತವಾಗಿದೆ ಎಂಬ ಕೂಗೆದ್ದು, 2019ರಲ್ಲಿ ರಾಜ್ಯ ಸರ್ಕಾರ ನೀಲಂ ಗೋರ್ಹೆ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು. ಸಮೀಕ್ಷೆ ಮಾಡಿದ 82,309 ಹೆಂಗಸರಲ್ಲಿ 13,861 ಮಂದಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರು. ಆರು ಜನರಲ್ಲಿ ಒಬ್ಬರು. ಅಲ್ಲಿ ಕೂಲಿ ಜೋಡಿಯದ್ದು, ಒಂದು ದಿನ ತಪ್ಪಿಸಿದರೆ ‘ಖಾಡಾ’ ಎಂಬ ದಂಡ. ಗದ್ದೆಯ ಬದಿಯ ಗುಡಿಸಲಿಗೆ ನೀರಿಲ್ಲ, ಶೌಚಾಲಯವಿಲ್ಲ. ಬಿಳಿಸೆರಗು, ಹೊಟ್ಟೆನೋವು ಎಂದು ಖಾಸಗಿ ಆಸ್ಪತ್ರೆಗೆ ಹೋದವರಿಗೆ ಕ್ಯಾನ್ಸರ್ ಆದೀತು ಎಂಬ ಹೆದರಿಕೆ ಹುಟ್ಟಿಸಲಾಯಿತು. ಮಾತ್ರೆಯಲ್ಲಿ, ಎರಡು ಬಕೆಟ್ ನೀರಿನಲ್ಲಿ ಸರಿಹೋಗಬಹುದಾಗಿದ್ದ ಸೋಂಕಿಗೆ ಮೂವತ್ತರ ಹರೆಯದವರೂ ಗರ್ಭಕೋಶ ಕಳೆದುಕೊಂಡರು. ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತದೆ. ಬರಲೇಬೇಕು ಎಂದೇ ನನ್ನ ನಂಬಿಕೆ.

ಬಳಸಿದ ಪ್ಯಾಡ್ ಎಲ್ಲಿ ಹೋಗುತ್ತದೆ ಎಂಬ ಪ್ರಶ್ನೆಯಲ್ಲಿ ಪುಣೆ ದೇಶಕ್ಕೇ ಪಾಠ ಹೇಳಿದ ಊರು. ಭಾರತದಲ್ಲಿ ವರ್ಷಕ್ಕೆ ಸುಮಾರು 1,200 ಕೋಟಿ ಪ್ಯಾಡ್ ಕಸಕ್ಕೆ ಬೀಳುತ್ತದೆ ಎಂಬ ಅಂದಾಜಿದೆ. ಮೇಲಿನ ಹಾಳೆ ಪಾಲಿಪ್ರೊಪಿಲೀನ್, ಕೆಳಗಿನದು ಪಾಲಿಥೀನ್, ನಡುವೆ ಮರದ ತಿರುಳಿನ ಜೊತೆ ದ್ರವ ಹೀರಿ ಉಬ್ಬುವ ಪಾಲಿಮರ್ ಪುಡಿ. ಶೌಚದ ಗುಂಡಿಗೆ ಹಾಕಿದರೆ ಆ ಪುಡಿ ನೀರು ಕುಡಿದು ಉಬ್ಬಿ ಪೈಪು ಕಟ್ಟುತ್ತದೆ. ಹೀಗೆ ಕ್ಯಾಂಪಿನ ಎರಡು ಖೋಲಿಗಳಲ್ಲಿ ಒಂದು ಕೆಡುತ್ತದೆ, ಹೆಂಗಸರೇ ಕೆಡಿಸಿದರು ಎಂಬ ಮಾತು ಬರುತ್ತದೆ, ಬೀಗ ಬೀಳುತ್ತದೆ. ಸುಟ್ಟರೆ ಪ್ಲಾಸ್ಟಿಕ್ಕಿನ ಹೊಗೆ. ಶಾಲೆ, ಹಾಸ್ಟೆಲ್ಲುಗಳಲ್ಲಿ ಗೋಡೆಗೆ ಹಾಕುವ ಸಣ್ಣ ಇನ್ಸಿನರೇಟರ್‌ಗಳಲ್ಲಿ ಸಾಕಷ್ಟು ಶಾಖ ಏಳದಿದ್ದರೆ ಡಯಾಕ್ಸಿನ್‌ನಂಥ ವಿಷಾನಿಲ ಹೊರಬೀಳುತ್ತದೆ.

ಮನೆಮನೆಯ ಕಸ ಎತ್ತುವ ‘ಸ್ವಚ್ಛ’ ಸಹಕಾರಿ ಸಂಘ ಪುಣೆಯ ಚಿಂದಿ ಆಯುವ ಹೆಂಗಸರೇ ಕಟ್ಟಿಕೊಂಡದ್ದು. ಅದರ ಬೇರು 1993ರಲ್ಲಿ ಹುಟ್ಟಿದ ಅವರ ಕಾರ್ಮಿಕ ಸಂಘಟನೆ ಕಾಗದ ಕಾಚ ಪತ್ರಾ ಕಷ್ಟಕರಿ ಪಂಚಾಯತ್‌ನಲ್ಲಿದೆ. ಬೇರೆಯವರ ರಕ್ತವಾದ ಪ್ಯಾಡನ್ನು ಬರಿಗೈಯಲ್ಲಿ ಬೇರ್ಪಡಿಸಬೇಕಾದ ಈ ಹೆಂಗಸರು 2013ರಲ್ಲಿ ಅವುಗಳನ್ನು ಚೀಲ ತುಂಬಿ ತಯಾರಕ ಕಂಪನಿಗಳಿಗೇ ವಾಪಸ್ ಕಳಿಸಿದರು. ಮುಂದೆ 2016ರ ಘನತ್ಯಾಜ್ಯ ನಿಯಮಗಳು ಪ್ರತಿ ಪ್ಯಾಡಿನ ಜೊತೆ ಸುತ್ತಿ ಬಿಸಾಡುವ ಚೀಲ ಕೊಡುವ ಹೊಣೆಯನ್ನು ಕಂಪನಿಗಳ ಮೇಲೆ ಹಾಕಿದವು. ಪ್ಯಾಡನ್ನು ಪೇಪರಿನಲ್ಲಿ ಸುತ್ತಿ ಮೇಲೊಂದು ಕೆಂಪು ಚುಕ್ಕೆ ಇಡುವ ‘ರೆಡ್ ಡಾಟ್’ ಅಭಿಯಾನವೂ ಇವರದ್ದೇ. ಖರ್ಚಿಲ್ಲದ, ಎದುರಿನ ಮನುಷ್ಯನಿಗೆ ಮರ್ಯಾದೆ ಕೊಡುವ ಇಂಥ ಕ್ರಮ ಪ್ರತಿ ಕನ್ನಡ ಮನೆಯಲ್ಲೂ ನಡೆಯಬೇಕು. ಆದರೆ ಕೆಂಪು ಚುಕ್ಕೆ ಇಟ್ಟ ಪೊಟ್ಟಣವನ್ನು ಎತ್ತಿಕೊಳ್ಳಲು ಯಾರೋ ಬರಬೇಕಲ್ಲ. ಎಷ್ಟೋ ಕ್ಯಾಂಪುಗಳಿಗೆ ಕಸದವರು ಬರುವುದೇ ಇಲ್ಲ, ಕಸ ಸೈಟಿನ ಮೂಲೆಯಲ್ಲಿ ಉರಿಯುತ್ತದೆ ಅಥವಾ ನಾಲೆ ಹಿಡಿದು ಮುಳಾ-ಮುಠಾ ನದಿ ಸೇರುತ್ತದೆ.

ಮುಟ್ಟಿನ ಕಪ್ ಇದಕ್ಕೆಲ್ಲ ಪರಿಹಾರ ಎನ್ನುವವರಿದ್ದಾರೆ. ದಕ್ಷಿಣ ಕನ್ನಡ, ಚಾಮರಾಜನಗರ ಜಿಲ್ಲೆಗಳಲ್ಲಿ ಕರ್ನಾಟಕ ಸರ್ಕಾರವೇ ಕಪ್ ಹಂಚಿದೆ. ಕಸವಿಲ್ಲ, ವರ್ಷಗಟ್ಟಲೆ ಬಾಳುತ್ತದೆ ಎಂಬುದು ನಿಜ. ಹಾಕುವ ಮುಂಚೆ ಕೈ ತೊಳೆಯಬೇಕು, ಖಾಲಿ ಮಾಡಿ ತೊಳೆಯಬೇಕು, ತಿಂಗಳಿಗೊಮ್ಮೆ ಕುದಿಸಬೇಕು. ಒಂದೇ ಒಲೆ, ಎರಡು ಪಾತ್ರೆಯ ಶೆಡ್ಡಿನಲ್ಲಿ ಅತ್ತೆಯ ಎದುರು ಯಾವ ಪಾತ್ರೆಯಲ್ಲಿ ಕುದಿಸುತ್ತಾಳೆ? ಮತ್ತೆ ನೀರಿಗೇ ಬಂದೆವು.

ನನ್ನ ಅಭಿಪ್ರಾಯದಲ್ಲಿ ಹಿಡಿಯಬೇಕಾದ ಜುಟ್ಟು ಒಂದೇ, ಕಟ್ಟಡದ ಅನುಮತಿ. ಬಿಲ್ಡರ್‌ಗೆ ಕೆಲಸ ಆರಂಭಿಸಲು ಪಾಲಿಕೆಯದೋ ಪುಣೆ ಸುತ್ತಲಿನ ಪ್ರದೇಶದ ಅಭಿವೃದ್ಧಿ ಪ್ರಾಧಿಕಾರವಾದ ಪಿಎಂಆರ್‌ಡಿಎಯದೋ ಪ್ರಮಾಣಪತ್ರ ಬೇಕೇ ಬೇಕು. ಲಿಫ್ಟ್ ಎಲ್ಲಿ, ಪಾರ್ಕಿಂಗ್ ಎಷ್ಟು ಎಂದು ನಕ್ಷೆಯಲ್ಲಿ ತೋರಿಸುವಂತೆ ಕಾರ್ಮಿಕರ ವಸತಿ ಎಲ್ಲಿ, ಹೆಂಗಸರ ಶೌಚಾಲಯ ಎಷ್ಟು, ನೀರಿನ ಮೂಲ ಯಾವುದು ಎಂಬುದನ್ನೂ ತೋರಿಸಲಿ. ಹಂತ ಹಂತದ ಪರಿಶೀಲನೆಗೆ ಬರುವ ಇಂಜಿನಿಯರ್ ಸ್ಲ್ಯಾಬಿನ ಜೊತೆ ಚಿಲಕವನ್ನೂ ನೋಡಲಿ. ಸ್ವಚ್ಛ ಭಾರತದ ಮಾರ್ಗಸೂಚಿಯೇ ಸಾಮುದಾಯಿಕ ಶೌಚಾಲಯದಲ್ಲಿ 25 ಹೆಂಗಸರಿಗೊಂದು ಸೀಟು ಎನ್ನುತ್ತದೆ, ಅದನ್ನೇ ಕ್ಯಾಂಪಿಗೂ ಅನ್ವಯಿಸಿದರಾಯಿತು. ಹತ್ತಾರು ಕೋಟಿಯ ಯೋಜನೆಯಲ್ಲಿ ಇದರ ಖರ್ಚು ಕಣ್ಣಿಗೆ ಕಾಣುವಷ್ಟೂ ಇರುವುದಿಲ್ಲ. ಬಟ್ಟೆ ಒಣಗಿಸಲು ಬಿಸಿಲು ಬೀಳುವ, ಸುತ್ತ ಎತ್ತರದ ತಗಡಿನ ಮರೆಯಿರುವ ಸಣ್ಣದೊಂದು ಜಾಗಕ್ಕೆ ಅಷ್ಟೂ ಬೇಡ. ಸೈಟಿನಲ್ಲಿ ತಗಡಿಗೇನು ಬರವೇ?

ಪುಣೆಯ ಕನ್ನಡಿಗರಿಗೆ ಇದರಲ್ಲಿ ಪಾಲಿದೆ. ಹಿಂಜವಡಿಯಲ್ಲಿ ಕೆಲಸ ಮಾಡುವ ನಮ್ಮ ಹುಡುಗರು ವಾಘೋಲಿಯಲ್ಲೋ ತಾಥವಡೆಯಲ್ಲೋ ಫ್ಲ್ಯಾಟ್ ಬುಕ್ ಮಾಡುತ್ತಾರೆ, ಶೆಟ್ಟರ ಹೋಟೆಲುಗಳು ಊರ ತುಂಬ ಇವೆ, ಕನ್ನಡ ಸಂಘದ ಶಾಲೆಗಳಿವೆ. ಸಂಕ್ರಾಂತಿಗೆ ಎಳ್ಳು-ಬೆಲ್ಲದ ಜೊತೆ ಕ್ಯಾಂಪಿಗೆ ಪ್ಯಾಡ್ ಹಂಚುವ ಗುಂಪುಗಳೂ ಇವೆ. ಅವರು ಇನ್ನೂ ಒಂದು ಕೆಲಸ ಮಾಡಬಹುದು, ಹೋದಾಗ ಶೌಚಾಲಯದ ಬಾಗಿಲು ತೆಗೆದು ನೋಡಿ, ಕನ್ನಡದಲ್ಲಿ ಕೇಳಿ ಬರೆದುಕೊಂಡು ಬರಬಹುದು. ಆ ಹೆಂಗಸರು ಮರಾಠಿ ಅಧಿಕಾರಿಯ ಎದುರು ಹೇಳಲಾರದ್ದನ್ನು ನಮ್ಮ ಎದುರು ಹೇಳುತ್ತಾರೆ. ಚಿಲಕವಿಲ್ಲದ ಬಾಗಿಲು, ಬೀಗ ಹಾಕಿದ ಖೋಲಿ, ಟ್ಯಾಂಕರ್ ಬರುವ ದಿನ, ಇವನ್ನು ಫೋಟೊ ಸಮೇತ ಕಾರ್ಮಿಕ ಇಲಾಖೆಗೂ ವಾರ್ಡ್ ಕಚೇರಿಗೂ ಬರೆದರೆ ದೂರು ದಾಖಲಾಗುತ್ತದೆ, ಕೂಲಿಯವಳ ಹೆಸರು ಹೊರಗೆ ಬರಬೇಕಾಗಿಲ್ಲ.

ಫ್ಲ್ಯಾಟ್ ನೋಡಲು ಹೋದವರ ಮಾತಿಗೆ ಇನ್ನೂ ಹೆಚ್ಚು ಬೆಲೆ. ಸ್ಯಾಂಪಲ್ ಫ್ಲ್ಯಾಟಿನ ಬಾತ್‌ರೂಮ್ ತೋರಿಸಿದ ಮೇಲೆ ಸೇಲ್ಸ್‌ನವರನ್ನು ಕೇಳಿ: ಕಾರ್ಮಿಕರ ಕ್ಯಾಂಪು ಎಲ್ಲಿದೆ, ಹೆಂಗಸರು ಎಷ್ಟು ಜನ, ಅವರಿಗೆ ಸೀಟು ಎಷ್ಟು, ನೀರು ಎಲ್ಲಿಂದ ಬರುತ್ತದೆ, ಕಸ ಯಾರು ಎತ್ತುತ್ತಾರೆ? ಗೊತ್ತಿಲ್ಲ ಎಂದರೆ ಸೈಟ್ ಇಂಜಿನಿಯರನ್ನು ಕರೆಸಿ, ಕ್ಯಾಂಪಿನವರೆಗೆ ನಡೆದು ಹೋಗಿ. ಅಡ್ವಾನ್ಸ್ ಚೆಕ್ಕು ಇನ್ನೂ ನಿಮ್ಮ ಕೈಯಲ್ಲಿರುವಾಗಲೇ ಈ ಪ್ರಶ್ನೆ ಕೇಳಿದರೆ ಅವರು ಉತ್ತರ ಹುಡುಕಿ ತರುತ್ತಾರೆ.